ಓಡುವವಳಿಗೆ ಸ್ಟೂಲ್ ಯಾಕೆ

ಭಾನುವಾರ, ಜೂನ್ 4

ಅಕ್ಕ,

ಮೊದಲು ಕಂಪನಿಯವರು ಕೊಡುತ್ತೇವೆ ಎಂದದ್ದನ್ನು ಬರೆಯುತ್ತೇನೆ. ಅಂಟಿನ ಲೈನುಗಳಲ್ಲಿ ಪ್ರತಿ ಮೇಜಿಗೆ ಒಂದು ಸ್ಟೂಲ್. ಎರಡು ಗಂಟೆಗೊಮ್ಮೆ ಹತ್ತು ನಿಮಿಷ ಕೂರುವುದಕ್ಕೆ ಬಿಡುವು. ಸಿಮೆಂಟ್ ನೆಲದ ಮೇಲೆ ಹಾಸಲು ರಬ್ಬರ್ ಚಾಪೆ. ಹಿಮ್ಮಡಿ ನೋವಿರುವ ಹೆಂಗಸರಿಗೆ ಹೊರಗಿನ ಡಾಕ್ಟರು.

ಇನ್ನು ಕೊಟ್ಟದ್ದು. ಸ್ಟೂಲ್ ಬರಲಿಲ್ಲ. ಹತ್ತು ನಿಮಿಷ ಬರಲಿಲ್ಲ. ಚಾಪೆ ಒಂದೇ ಒಂದು ಬಂತು, ಅದನ್ನು ಮ್ಯಾನೇಜರ್ ರೂಮಿನ ಬಾಗಿಲಿಗೆ ಹಾಕಿದ್ದಾರೆ, ನಾವು ಕಾಲು ಒರೆಸಿಕೊಂಡು ಒಳಗೆ ಹೋಗಲಿ ಅಂತ. ಡಾಕ್ಟರು ಅದೇ ಫ್ಯಾಕ್ಟರಿಯ ಡಾಕ್ಟರು. ಎಲ್ಲರಿಗೂ ಒಂದೇ ಬಿಳಿ ಮಾತ್ರೆ, ಒಂದೇ ಮಾತು: "ಮೆತ್ತನೆ ಚಪ್ಪಲಿ ಹಾಕ್ಕೊಳ್ಳಮ್ಮ." ಯಾರದೋ ಓಟದ ಬೂಟಿಗೆ ದಿನವಿಡೀ ಮೆತ್ತನೆ ಅಟ್ಟೆ ಅಂಟಿಸುವವರಿಗೆ ಈ ಉಪದೇಶ.

ಕಳೆದ ಬುಧವಾರ ನಾನು ಖಾಲಿ ರಟ್ಟಿನ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತೆ. ಹನ್ನೊಂದು ನಿಮಿಷ. ಹನ್ನೊಂದು ಅಂತ ನನಗೆ ಗೊತ್ತಿರಲಿಲ್ಲ, ನೋಟೀಸಿನಲ್ಲಿ ಬರೆದಿದ್ದಾರೆ. ನಾಳೆಯಿಂದ ಮುಂದಿನ ಭಾನುವಾರದವರೆಗೆ ಏಳು ದಿನ ಸಸ್ಪೆಂಡ್.

ಇದನ್ನು ಹೇಳಲು ಬರೆಯುತ್ತಿಲ್ಲ. ಶುಕ್ರವಾರ ನಮ್ಮ ದೂರಿನ ವಿಚಾರಣೆ ಇತ್ತು, ಕಾರ್ಮಿಕ ಅಧಿಕಾರಿಯ ಮುಂದೆ. ಕಂಪನಿಯವರು ಎರಡು ಕಾಗದ ತೋರಿಸಿದರು. ಮೊದಲನೆಯದು ಅವರದೇ ಕ್ಯಾಲೆಂಡರಿನ ಪುಟ. ನೆನಪಿದೆಯಾ, 'ನಮ್ಮ ಬೂಟು, ನಮ್ಮ ಓಟಗಾರ್ತಿ' ಅಂತ ಎರಡು ವರ್ಷದ ಹಿಂದೆ ನನ್ನ ಫೋಟೋ ಹಾಕಿದ್ದರಲ್ಲ, ಅದು. ಫೋಟೋ ತೆಗೆಯುವಾಗ ಕೈ ಕುಲುಕಿದ ಮ್ಯಾನೇಜರನೇ ಅದನ್ನು ಎತ್ತಿ ಹಿಡಿದು ಹೇಳಿದ: "ಬೆಳಿಗ್ಗೆ ಎದ್ದು ಹತ್ತು ಕಿಲೋಮೀಟರ್ ಓಡೋಳು ಸಾರ್ ಇವಳು. ಓಡುವವಳಿಗೆ ಸ್ಟೂಲ್ ಯಾಕೆ?" ಅಧಿಕಾರಿ ನಕ್ಕ. ನಮ್ಮ ಕಡೆಯ ಇಬ್ಬರು ಹೆಂಗಸರೂ ನಕ್ಕರು, ಅದು ಇನ್ನೂ ಚುಚ್ಚಿತು.

ಎರಡನೆಯದು ನಿನ್ನ ಕಾಗದ. "ನನ್ನ ಹಿಮ್ಮಡಿ ನೋವು ಮನೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಬಂದದ್ದು. ಕೆಲಸಕ್ಕೂ ಅದಕ್ಕೂ ಸಂಬಂಧವಿಲ್ಲ." ಕೆಳಗೆ ನಿನ್ನ ಸಹಿ, ಮೂರು ವರ್ಷದ ಹಿಂದಿನ ತಾರೀಕು. ನೀನು ಅಂಟಿನ ಲೈನ್ ಬಿಟ್ಟು, ಈಗಿರುವ ಊರಿಗೆ, ಕಂಪನಿಯದೇ ಹೊಲಿಗೆ ಘಟಕಕ್ಕೆ ಚೆಕಿಂಗ್ ಕೆಲಸಕ್ಕೆ, ಕುರ್ಚಿಯ ಕೆಲಸಕ್ಕೆ ಹೋದೆಯಲ್ಲ, ಅದರ ಹಿಂದಿನ ವಾರದ್ದು.

ನಮ್ಮ ಮನೆಗೆ ಮೆಟ್ಟಿಲೇ ಇಲ್ಲ ಅಕ್ಕ.

ನಮ್ಮ ಸಂಘದ ವಕೀಲಮ್ಮ ಒಂದು ಕೆಲಸ ಹೇಳಿದ್ದಾರೆ. ಈ ಏಳು ದಿನ ನಾನು ಲೈನಿನಲ್ಲಿ ನಿಲ್ಲುವುದಿಲ್ಲ, ಆದರೆ ದಿನಾ ಓಡುತ್ತೇನೆ. ಓಡಿದ್ದೆಷ್ಟು, ನೋವು ಹತ್ತರಲ್ಲಿ ಎಷ್ಟು, ಎಲ್ಲಾ ಪುಸ್ತಕದಲ್ಲಿ ಬರೆಯಬೇಕು. ಓಡಿಯೂ ನೋವು ಇಳಿದರೆ, ಹಿಮ್ಮಡಿ ತಿಂದದ್ದು ಓಟವಲ್ಲ, ನಿಲ್ಲುವುದು ಅಂತ ಹೇಳಬಹುದು. ಇದು ಅರ್ಧ ಸಾಕ್ಷಿ. ಉಳಿದ ಅರ್ಧ ನೀನು. ಒಂಬತ್ತು ವರ್ಷ ಅದೇ ಲೈನಿನಲ್ಲಿ ನಿಂತವಳು. ಜನ್ಮದಲ್ಲಿ ಒಂದು ದಿನ ಓಡಿದವಳಲ್ಲ. ಬಸ್ಸು ಹೊರಟರೂ ಓಡದೆ ಮುಂದಿನ ಬಸ್ಸಿಗೆ ಕಾಯುವವಳು. ಆದರೂ ನಿನ್ನ ಹಿಮ್ಮಡಿ ನನ್ನದಕ್ಕಿಂತ ಮೊದಲು ಹಾಳಾಯಿತು.

ಮುಂದಿನ ವಿಚಾರಣೆ ಸೋಮವಾರ, ಹನ್ನೆರಡನೇ ತಾರೀಕು. ಬಂದು ಆ ಕಾಗದ ಸುಳ್ಳು ಅಂತ ಹೇಳು. ಇಷ್ಟೇ ಕೇಳುತ್ತಿರುವುದು.

ಫೋನ್ ಮಾಡುವುದಿಲ್ಲ. ಫೋನಿನಲ್ಲಿ ನಾವು ಮೂರನೇ ಮಾತಿಗೆ ಜಗಳಕ್ಕೆ ಬೀಳುತ್ತೇವೆ. ವ್ಯಾನಿನ ಮಾವ ದಿನಾ ನಿಮ್ಮ ಘಟಕದಿಂದ ಬೂಟಿನ ಮೇಲ್ಭಾಗಗಳನ್ನು ಇಲ್ಲಿಗೆ ತರುತ್ತಾನೆ, ಖಾಲಿ ಪೆಟ್ಟಿಗೆ ತೆಗೆದುಕೊಂಡು ಹಿಂದಿರುಗುತ್ತಾನೆ. ಅವನ ಕೈಯಲ್ಲಿ ಕೊಡುತ್ತೇನೆ. ಉತ್ತರ ಅವನ ಕೈಯಲ್ಲೇ ಕೊಡು.

ಇಂತಿ,
ನಿನ್ನ ತಂಗಿ


ಸೋಮವಾರ, ಜೂನ್ 5

ತಂಗಿಗೆ,

ಪತ್ರ ಸಿಕ್ಕಿತು. ವ್ಯಾನಿನ ಮಾವ ಕೊಡುವಾಗ, "ಮದುವೆ ಕಾಗದಾನಾ, ಕೋರ್ಟು ಕಾಗದಾನಾ?" ಅಂದ. "ಎರಡೂ ಅಲ್ಲ, ಕಾಲು ನೋವಿನ ಕಾಗದ" ಅಂದೆ.

ಬೆಳಿಗ್ಗೆ ಎದ್ದಕೂಡಲೇ ಹಿಮ್ಮಡಿ ಊರಬೇಡ. ಹಾಸಿಗೆಯಲ್ಲೇ ಕೂತು ಬೆರಳುಗಳನ್ನು ಕೈಯಿಂದ ಹಿಂದಕ್ಕೆ ಎಳೆದು ಇಪ್ಪತ್ತು ಎಣಿಸು. ಆಮೇಲೆ ಗೋಡೆ ಹಿಡಿದುಕೊಂಡು ಎದ್ದು ನಿಲ್ಲು. ಬಾಟಲಿಯಲ್ಲಿ ನೀರು ತುಂಬಿ ಫ್ರಿಜ್ಜಿನಲ್ಲಿ ಗಡ್ಡೆ ಕಟ್ಟಿಸಿ, ಅದರ ಮೇಲೆ ಅಂಗಾಲು ಉರುಳಿಸು. ಬರಿಗಾಲಲ್ಲಿ ಅಡುಗೆಮನೆಗೆ ಹೋಗಬೇಡ.

ಅಮ್ಮನ ಕಣ್ಣಿನ ಔಷಧಿ ಮುಗಿದಿದ್ದರೆ ಹೇಳು.

ಇಂತಿ,
ಅಕ್ಕ


ಮಂಗಳವಾರ, ಜೂನ್ 6

ಅಕ್ಕ,

ಹಿಮ್ಮಡಿಯ ಬಗ್ಗೆ ಇಷ್ಟು ಬರೆದಿದ್ದೀಯ, ಕಾಗದದ ಬಗ್ಗೆ ಒಂದಕ್ಷರ ಇಲ್ಲ. ಇರಲಿ. ನಾನೂ ಹಿಮ್ಮಡಿಯಿಂದಲೇ ಶುರು ಮಾಡುತ್ತೇನೆ.

ಸೋಮವಾರ ಎದ್ದಾಗ ನೋವು ಆರು. ಮೊದಲ ಹೆಜ್ಜೆಗೆ ಹಿಮ್ಮಡಿಯೊಳಗೆ ಯಾರೋ ಮೊಳೆ ಇಟ್ಟು ಕಾಯುತ್ತಿದ್ದ ಹಾಗೆ. ನೀನು ಹೇಳುವ ಮೊದಲೇ ಗೋಡೆ ಹಿಡಿಯುತ್ತೇನೆ ಬಿಡು, ಹಾಸಿಗೆಯ ಪಕ್ಕದ ಸುಣ್ಣ ನನ್ನ ಕೈಗುರುತಿಗೆ ಕಪ್ಪಾಗಿದೆ. ಎಂಟು ಕಿಲೋಮೀಟರ್. ಮೊದಲ ಎರಡು ಕುಂಟಿಕೊಂಡು, ಬಲಗಾಲಿನ ಹೊರಅಂಚಿನ ಮೇಲೆ. ಪೊಲೀಸ್ ಠಾಣೆ ದಾಟಿದ ಮೇಲೆ ಕಾಲು ಬಿಸಿಯಾಯಿತು, ನೋವು ಮೂರಕ್ಕೆ ಇಳಿಯಿತು. ಮನೆಗೆ ಬಂದು ಒಂದು ಗಂಟೆ ಕೂತು ಎದ್ದರೆ ಮತ್ತೆ ಐದು. ಇವತ್ತು ಎದ್ದಾಗ ಐದು, ಓಡಿದ್ದು ಹತ್ತು.

ದಣಿವು ಓಟದ್ದಲ್ಲ ಅಕ್ಕ. ಓಟದ ದಣಿವು ಸ್ನಾನ ಮಾಡಿದರೆ ಹೋಗುತ್ತದೆ. ಇದು ಬೇರೆ. ಪ್ರತಿ ಹೆಜ್ಜೆಯನ್ನೂ ಕಾವಲು ಕಾಯಬೇಕು. ಇಲ್ಲಿ ಕಲ್ಲಿದೆ, ಅಲ್ಲಿ ಇಳಿಜಾರಿದೆ, ಈಗ ಬೆರಳಿನ ಮೇಲೆ, ಈಗ ಅಂಚಿನ ಮೇಲೆ. ಮೊದಲೆಲ್ಲ ನಾನು ಓಡುತ್ತಿದ್ದದ್ದು ಆ ಒಂದು ಗಂಟೆ ಯಾರ ಕಾವಲೂ ಇಲ್ಲ ಅಂತ. ಈಗ ಆ ಕಾವಲುಗಾರನೂ ನಾನೇ ಆಗಿದ್ದೇನೆ.

ನಮ್ಮ ಸಂಘದ ಕಾರ್ಯದರ್ಶಿ ಸಂಜೆ ಬಂದಿದ್ದಳು. ಕಟಿಂಗ್ ವಿಭಾಗದವಳು, ಗೊತ್ತಲ್ಲ, ದೊಡ್ಡ ಗಂಟಲಿನವಳು. ಪುಸ್ತಕ ನೋಡಿ, "ಲೇ ಕುದುರೆ, ಆರು, ಐದು ಅಂತ ಇಷ್ಟು ನಿಧಾನಕ್ಕೆ ಇಳಿದ್ರೆ ಹೆಂಗೇ? ಎರಡು, ಒಂದು ಅಂತ ಬರಿ" ಅಂದಳು. "ಇಳಿದ್ರೆ ಬರೀತೀನಿ" ಅಂದೆ. ಅಮ್ಮ ಒಳಗಿನಿಂದ, "ಅವಳ ಕಾಲು ನಿಮ್ಮ ಸಂಘದ ಸದಸ್ಯ ಅಲ್ಲಮ್ಮ, ಹೇಳಿದ ಹಾಗೆ ಕೇಳೋಕೆ" ಅಂದಳು. ಕಾರ್ಯದರ್ಶಿ ನಕ್ಕಳು, ನಗುತ್ತಲೇ ನಿನ್ನ ಬಗ್ಗೆ ಕೇಳಿದಳು. "ಕುರ್ಚಿಯಕ್ಕ ಬರ್ತಾಳಂತಾ?"

ನಿನ್ನನ್ನು ಇಲ್ಲಿ ಹಾಗೇ ಕರೆಯುತ್ತಾರೆ. ಮೂರು ವರ್ಷದಿಂದ. ನಾನು ಯಾರಿಗೂ ಬೈದಿಲ್ಲ. ಒಂದೆರಡು ಸಲ ನಾನೂ ಕರೆದಿದ್ದೇನೆ.

ಅಮ್ಮನಿಗೆ ಕಾಗದದ ವಿಷಯ ಹೇಳಿಲ್ಲ. ನೀನು ಹೇಳುತ್ತೀಯೋ, ನಾನು ಹೇಳಲೋ?

ಇಂತಿ,
ನಿನ್ನ ತಂಗಿ


ಬುಧವಾರ, ಜೂನ್ 7

ತಂಗಿ,

ಕಾಗದದ ಬಗ್ಗೆ ಬರೆಯುತ್ತೇನೆ. ಒಂದೇ ಸಲ. ಮತ್ತೆ ಕೇಳಬೇಡ.

ಆ ವರ್ಷ ನನಗೆ ನೋವು ಹತ್ತರಲ್ಲಿ ಎಷ್ಟು ಅಂತ ಕೇಳುವವರಿರಲಿಲ್ಲ. ಮಧ್ಯಾಹ್ನದ ಮೇಲೆ ಮೇಜಿನ ಅಂಚಿಗೆ ಹೊಟ್ಟೆ ಒತ್ತಿ ನಿಲ್ಲುತ್ತಿದ್ದೆ, ಅರ್ಧ ಭಾರ ಮೇಜು ಹೊರಲಿ ಅಂತ. ಹೊಟ್ಟೆಯ ಮೇಲೆ ಅಡ್ಡಗೆರೆ ಬಿದ್ದಿತ್ತು. ಒಂದು ದಿನ ಮ್ಯಾನೇಜರ್ ರೂಮಿಗೆ ಕರೆದರು. ನನ್ನ ದೂರಿನ ಅರ್ಜಿ ಅವನ ಮುಂದಿತ್ತು. ಇನ್ನೊಂದು ಕಾಗದವೂ ಇತ್ತು, ಟೈಪ್ ಮಾಡಿಸಿದ್ದು.

"ಕೂತ್ಕೊಳ್ಳಮ್ಮ, ಆರಾಮಾಗಿ ಓದಿ ಸಹಿ ಮಾಡು" ಅಂದ.

ಒಂಬತ್ತು ವರ್ಷದಲ್ಲಿ ಆ ಫ್ಯಾಕ್ಟರಿಯೊಳಗೆ ನಾನು ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು. ಕಾಗದ ಓದಿದೆ. ಎರಡನೇ ಸಲ ಓದಿದೆ. ಅರ್ಥವಾಗದೆ ಅಲ್ಲ. ಓದುತ್ತಿರುವಷ್ಟು ಹೊತ್ತು ಕೂತಿರಬಹುದು ಅಂತ. ಮೂರನೇ ಸಲ ಓದುವಾಗ ಅವನು ಗಡಿಯಾರ ನೋಡಿದ.

"ಸಾರ್, ನಮ್ಮ ಮನೆಗೆ ಮೆಟ್ಟಿಲಿಲ್ಲ" ಅಂದೆ.

"ಹೊಸಿಲಾದ್ರೂ ಇದೆಯಲ್ಲಮ್ಮ" ಅಂದ.

ಸಹಿ ಹಾಕಿದೆ. ಮುಂದಿನ ಸೋಮವಾರ ಇಲ್ಲಿಗೆ ಕಳಿಸಿದರು. ಹಿಂದೆ ಒರಗು ಇರುವ ಕುರ್ಚಿ. ನೀನು ನನ್ನನ್ನು ಹೇಡಿ ಅನ್ನು, ಕುರ್ಚಿಯಕ್ಕ ಅನ್ನು. ಆದರೆ ಒಂದು ಮಾತು ಕೇಳಿಸಿಕೋ. ಈ ಮೂರು ವರ್ಷದಲ್ಲಿ ನಾನು ದಿನಾ ಬೆಳಿಗ್ಗೆ ಎದ್ದು ಕಾಲು ನೆಲಕ್ಕೆ ಊರಿದ್ದೇನೆ, ಅಳದೆ ಊರಿದ್ದೇನೆ. ಅದನ್ನು ಬಿಟ್ಟುಕೊಡು ಅಂತ ನೀನು ಕೇಳುತ್ತಿರುವುದು. 'ಇಷ್ಟೇ' ಅಂತ ಬರೆದಿದ್ದೀಯ. ಅದು 'ಇಷ್ಟೇ' ಅಲ್ಲ.

ಇನ್ನೊಂದೂ ಹೇಳಿಬಿಡುತ್ತೇನೆ, ಹೇಳಬಾರದು ಅಂತ ಇದ್ದೆ. ನೀನು ಬೆಳಿಗ್ಗೆ ಓಡಿ, ಸ್ನಾನ ಮಾಡಿ, ಕೂದಲು ಒರೆಸಿಕೊಳ್ಳುತ್ತಾ ಲೈನಿಗೆ ಬರುವ ಹೊತ್ತಿಗೆ ಪಾಳಿ ಶುರುವಾಗಿ ಅರ್ಧ ಗಂಟೆಯಾಗಿರುತ್ತಿತ್ತು. ಆ ಅರ್ಧ ಗಂಟೆ ನಿನ್ನ ಮೇಜು ಯಾರು ನೋಡಿಕೊಳ್ಳುತ್ತಿದ್ದರು? ಎರಡು ಮೇಜಿನ ನಡುವೆ ಓಡಾಡಿಕೊಂಡು ಯಾರು ಅಂಟಿಸುತ್ತಿದ್ದರು? ಜನ್ಮದಲ್ಲಿ ಓಡಿದವಳಲ್ಲ ಅಂದೆಯಲ್ಲ. ಐದು ವರ್ಷ ನಿನ್ನ ಓಟಕ್ಕೆ ನಾನು ನಿಂತೆ.

ಸೋಮವಾರ ಬರುವುದಿಲ್ಲ.

ಅಕ್ಕ


ಗುರುವಾರ, ಜೂನ್ 8

ಅಕ್ಕ,

ಈ ಪತ್ರ ಕಾಲನ್ನು ಬಕೆಟ್ಟಿನಲ್ಲಿ ಇಳಿಬಿಟ್ಟುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಸಹಿಸಿಕೋ.

ನಿನ್ನೆ ಆರು ಕಿಲೋಮೀಟರ್ ಓಡಿದೆ, ಎದ್ದಾಗ ನೋವು ನಾಲ್ಕು. ಇವತ್ತು ಎದ್ದಾಗ ಮೂರು. ಮೂರು ಅಕ್ಕ. ಎರಡು ವರ್ಷದಲ್ಲಿ ಇಷ್ಟು ಕಡಿಮೆ ಆಗಿದ್ದೇ ಇಲ್ಲ. ಗೋಡೆ ಹಿಡಿಯದೆ ಎದ್ದೆ. ಪುಸ್ತಕದಲ್ಲಿ ಮೂರು ಅಂತ ಬರೆದು ಕೆಳಗೆ ಗೆರೆ ಎಳೆದೆ. ವಕೀಲಮ್ಮ ಕೇಳಿದ್ದು ಇದೇ ಸಾಕ್ಷಿ. ಇವತ್ತು ಸ್ವಲ್ಪವೇ ಓಡಿ, ನಾಳೆ, ನಾಡಿದ್ದು ಹತ್ತು ಹತ್ತು ಓಡಿದ್ದರೆ ಮುಗಿದುಹೋಗುತ್ತಿತ್ತು.

ಎಂಟು ಗಂಟೆಗೆ ವ್ಯಾನಿನ ಮಾವ ಟೀ ಅಂಗಡಿಯ ಮುಂದೆ ನಿನ್ನ ಪತ್ರ ಕೊಟ್ಟ. ಅಲ್ಲೇ ನಿಂತು ಓದಿದೆ. ಮಾವ ಟೀ ಹೇಳಿದ್ದ, ಕುಡಿಯಲಿಲ್ಲ. ಮನೆಗೆ ಬಂದು ಬೂಟು ಕಟ್ಟಿಕೊಂಡೆ. ಅಮ್ಮ, "ಈ ಬಿಸಿಲಲ್ಲಿ ಎಲ್ಲಿಗೇ?" ಅಂದಳು. "ಅಕ್ಕನ ಊರಿಗೆ" ಅಂದೆ. ತಮಾಷೆ ಅಂದುಕೊಂಡಳು.

ತಮಾಷೆಯಲ್ಲ. ಓಡಿಯೇ ಬಂದು ನಿನ್ನ ಕುರ್ಚಿಯ ಮುಂದೆ ನಿಂತು ಕೇಳಬೇಕು ಅನ್ನಿಸಿತು. ಏನು ಕೇಳಬೇಕು ಅಂತ ಗೊತ್ತಿರಲಿಲ್ಲ. ಹೆದ್ದಾರಿ ಸೇರುವವರೆಗೆ ನಿನಗೆ ಬೈದುಕೊಂಡು ಓಡಿದೆ. ಆಮೇಲೆ ಬೈಗುಳ ಖಾಲಿಯಾಯಿತು. ನೀನು ಎರಡು ಮೇಜಿನ ನಡುವೆ ಓಡಾಡುವುದು ಕಣ್ಣಿಗೆ ಬಂತು. ನನಗೆ ಗೊತ್ತಿತ್ತು ಅಕ್ಕ. ಗೊತ್ತಿರಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ನನ್ನ ಮೇಜಿನ ಮೇಲೆ ಅಂಟಿಸಿಟ್ಟ ಜೊತೆಗಳ ಸಾಲು ನೋಡುತ್ತಿದ್ದೆ, ನೋಡಿ ಕೆಲಸ ಶುರು ಮಾಡುತ್ತಿದ್ದೆ. ಅಕ್ಕ ಅಲ್ಲವಾ ಅಂದುಕೊಂಡಿದ್ದೆ. ಅಕ್ಕಂದಿರ ಕಾಲಿಗೆ ನೋವೇ ಬರುವುದಿಲ್ಲ ಅನ್ನುವ ಹಾಗೆ.

ಇಪ್ಪತ್ತನಾಲ್ಕನೇ ಕಿಲೋಮೀಟರಿನ ಕಲ್ಲಿನ ಹತ್ತಿರ ಹಿಮ್ಮಡಿಯಲ್ಲಿ ಏನೋ ಹರಿದ ಹಾಗಾಯಿತು. ನೋವು ಬಲಗಾಲಿನ ಮೀನಖಂಡದವರೆಗೆ ಬಂತು. ನಿಮ್ಮೂರಿಗೆ ಇನ್ನೂ ಇಪ್ಪತ್ತೆಂಟು. ಕಲ್ಲಿನ ಮೇಲೆ ಕೂತೆ. ಲಾರಿಯವನೊಬ್ಬ ನಿಲ್ಲಿಸಿ, "ಏನಮ್ಮ, ಯಾರಾದ್ರೂ ಓಡಿಸ್ಕೊಂಡು ಬಂದ್ರಾ?" ಅಂದ. "ಇಲ್ಲಣ್ಣ, ನಾನೇ ಓಡ್ತಿದ್ದೆ" ಅಂದೆ. "ಯಾರ ಹಿಂದೆ?" ಅಂದ. ಬಸ್ಸು ಹತ್ತಿ ಹಿಂದೆ ಬಂದೆ. ಸೀಟು ಇರಲಿಲ್ಲ, ಒಂದು ಗಂಟೆ ನಿಂತೇ ಬಂದೆ.

ಈಗ ನೋವು ಒಂಬತ್ತು. ಹತ್ತು ಅಂತ ಬರೆಯಬೇಕಿತ್ತು, ಹತ್ತನ್ನು ನಾಳೆ ಬೆಳಿಗ್ಗೆಗೆ ಇಟ್ಟುಕೊಂಡಿದ್ದೇನೆ.

ಕಾರ್ಯದರ್ಶಿ ಬಂದು ತಲೆ ಚಚ್ಚಿಕೊಂಡಳು. "ಇಪ್ಪತ್ನಾಕು ಅಂತ ಅವರ ವಕೀಲ ನೋಡಿದ್ರೆ ಹಬ್ಬ ಮಾಡ್ತಾನೆ ಕಣೇ. ಈ ಹಾಳೆ ಹರಿದುಹಾಕು. ಗುರುವಾರ ವಿಶ್ರಾಂತಿ ಅಂತ ಬರಿ. ನಿಂದೇನು ಗಂಟು ಹೋಗತ್ತೆ?" ಹರಿಯಲಿಲ್ಲ. ಬರೆಯುತ್ತೇನೆ ಅಂತಲೂ ಹೇಳಲಿಲ್ಲ. ನಾಲ್ಕು ನೂರು ಹೆಂಗಸರ ಸ್ಟೂಲ್ ಒಂದು ಹಾಳೆಯ ಮೇಲೆ ನಿಂತಿದೆ ಅಂತಾಳೆ. ನನಗೆ ಯೋಚಿಸುವುದಕ್ಕೂ ಸಾಕಾಗಿದೆ. ನೀನಾದರೆ ಏನು ಮಾಡುತ್ತೀಯ? ನೀನಾದರೆ ಅಂತ ಕೇಳುವ ಮುಖ ನನಗಿಲ್ಲ, ಗೊತ್ತು. ಆದರೂ.

ಇಂತಿ,
ನಿನ್ನ ತಂಗಿ


ಶುಕ್ರವಾರ, ಜೂನ್ 9

ತಂಗಿ,

ನಿನಗೆ ತಲೆಯಲ್ಲಿ ಮಿದುಳಿನ ಜಾಗದಲ್ಲೂ ಕಾಲೇ ಇದೆ. ಐವತ್ತೆರಡು ಕಿಲೋಮೀಟರ್ ಓಡಿ ಬಂದು ನನಗೆ ಬೈಯುವುದಕ್ಕಿಂತ ಪತ್ರದಲ್ಲಿ ಬೈಯಬಹುದಿತ್ತು, ಮಾವ ಪುಕ್ಕಟೆ ತರುತ್ತಿದ್ದ. ಕಾಲನ್ನು ದಿಂಬಿನ ಮೇಲೆ ಎತ್ತರಕ್ಕೆ ಇಡು. ಬಿಸಿನೀರು ಬೇಡ, ತಣ್ಣೀರು. ಭಾನುವಾರದವರೆಗೆ ಬೂಟು ಮುಟ್ಟಿದರೆ ಅಮ್ಮನಿಗೆ ಹೇಳಿ ಒಲೆಗೆ ಹಾಕಿಸುತ್ತೇನೆ.

ಹಾಳೆ ಹರಿಯಬೇಡ.

ನಾನು ಒಂದು ಸುಳ್ಳಿಗೆ ಸಹಿ ಹಾಕಿದೆ. ಒಂದು ಸಾಲಿನ ಸುಳ್ಳು, ಮೆಟ್ಟಿಲಿನ ಸುಳ್ಳು. ನನ್ನ ಒಬ್ಬಳ ಕಾಲಿನ ವಿಷಯ, ಯಾರಿಗೇನು ನಷ್ಟ ಅಂದುಕೊಂಡಿದ್ದೆ. ಈಗ ಅದನ್ನೇ ನಾಲ್ಕು ನೂರು ಜನರ ಮುಂದೆ ಹಿಡಿಯುತ್ತಿದ್ದಾರೆ. ನೀನು ಒಳ್ಳೆಯದಕ್ಕೇ ಸುಳ್ಳು ಬರೆಯಬಹುದು. ಆದರೆ ನಿನ್ನನ್ನು ಆ ಲಾರಿಯವನು ನೋಡಿದ್ದಾನೆ, ಬಸ್ಸಿನವರು ನೋಡಿದ್ದಾರೆ. ಒಬ್ಬ ಬಾಯಿಬಿಟ್ಟರೆ ಉಳಿದ ಆರು ದಿನದ ನಿಜವೂ ಸುಳ್ಳಾಗುತ್ತದೆ. ಕಾರ್ಯದರ್ಶಿಗೆ ನನ್ನ ಹೆಸರು ಹೇಳಿಯೇ ಹೇಳು, ಕುರ್ಚಿಯಕ್ಕ ಬೇಡ ಅಂದಳು ಅಂತ.

ನನ್ನ ಕುರ್ಚಿಯ ವಿಷಯ ನಿನಗೆ ಒಮ್ಮೆಯೂ ಹೇಳಿಲ್ಲ. ಅದು ಲೈನಿನ ತುದಿಯಲ್ಲಿದೆ, ಎಲ್ಲರ ಬೆನ್ನು ಕಾಣುವ ಹಾಗೆ. ಹೊಲಿದು ಬಂದದ್ದನ್ನು ನೋಡುವುದು ಅರ್ಧ ಕೆಲಸ. ಇನ್ನರ್ಧ, ಯಾರು ಮೇಜಿಗೆ ಒರಗಿದರು, ಯಾರು ಒಂದು ಕಾಲು ಎತ್ತಿದರು ಅಂತ ನೋಡುವುದು. ಇಲ್ಲೂ ಅಂಚು ಕತ್ತರಿಸುವವರು, ಬಣ್ಣ ಹಚ್ಚುವವರು ನಿಂತೇ ಮಾಡಬೇಕು. ಬಣ್ಣ ಹಚ್ಚುವವಳೊಬ್ಬಳು ಬಸುರಿ. ಇವತ್ತು ಅವಳು ಬಲಗಾಲು ಚಪ್ಪಲಿಯಿಂದ ತೆಗೆದು ಎಡಗಾಲಿನ ಮೇಲಿಟ್ಟುಕೊಂಡು ನಿಂತಿದ್ದಳು. ನಾನು ಹಾಗೇ ನಿಲ್ಲುತ್ತಿದ್ದೆ. ಮೇಲ್ವಿಚಾರಕ ನನ್ನ ಪಕ್ಕದಲ್ಲೇ ಇದ್ದ. "ಏ, ನೆಟ್ಟಗೆ ನಿಲ್ಲಮ್ಮ" ಅಂದೆ. ನಾನೇ ಅಂದದ್ದು. ಅವಳು ತಿರುಗಿ ನೋಡಲಿಲ್ಲ. ಕಾಲು ಚಪ್ಪಲಿಗೆ ಹಾಕಿಕೊಂಡಳು.

ಮಧ್ಯಾಹ್ನ ಊಟ ಸೇರಲಿಲ್ಲ.

ಅಮ್ಮನಿಗೆ ಕಾಗದದ ವಿಷಯ ನಾನೇ ಹೇಳುತ್ತೇನೆ.

ಇಂತಿ,
ಅಕ್ಕ


ಶನಿವಾರ, ಜೂನ್ 10

ಅಕ್ಕ,

ಓಡಲಿಲ್ಲ. ನಿನ್ನೆಯೂ ಇಲ್ಲ, ಇವತ್ತೂ ಇಲ್ಲ. ನಿನ್ನೆ ಬೆಳಿಗ್ಗೆ ಹತ್ತು, ಇವತ್ತು ಎಂಟು. ಕಕ್ಕಸಿಗೆ ಹೋಗುವುದಕ್ಕೂ ಅಮ್ಮನ ಭುಜ ಬೇಕಾಯಿತು. "ಈ ವಯಸ್ಸಲ್ಲಿ ನಾನು ನಿನ್ನ ಭುಜ ಹಿಡೀಬೇಕಿತ್ತು" ಅಂದಳು. ನಾಳೆ ಆದರೆ ಎರಡು ಕಿಲೋಮೀಟರ್ ನಡೆಯುತ್ತೇನೆ, ಓಡುವುದಿಲ್ಲ. ಅಲ್ಲಿಗೆ ವಾರ ಮುಗಿಯಿತು.

ಮನೆಗೆ ಬಂದ ವಕೀಲಮ್ಮನಿಗೆ ಪುಸ್ತಕ ಹಾಗೇ ತೋರಿಸಿದೆ. ಇಪ್ಪತ್ತನಾಲ್ಕೂ ಇದೆ, ಹತ್ತೂ ಇದೆ. ಪಕ್ಕದಲ್ಲಿ 'ಕೋಪದಲ್ಲಿ ಓಡಿದ್ದು' ಅಂತಲೂ ಬರೆದಿದ್ದೇನೆ. ವಕೀಲಮ್ಮ ಕನ್ನಡಕ ತೆಗೆದು ಬಹಳ ಹೊತ್ತು ಕಣ್ಣು ಉಜ್ಜಿದರು. "ಮೊದಲ ನಾಲ್ಕು ದಿನ ನಮಗೆ, ಉಳಿದದ್ದು ಅವರಿಗೆ" ಅಂದರು. ಕಾರ್ಯದರ್ಶಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ನೀನು ಹೇಳಿದ ಮಾತು ಹೇಳಿದೆ. "ಕುರ್ಚಿ ಮೇಲೆ ಕೂತು ಬುದ್ಧಿ ಹೇಳೋದು ಸುಲಭ" ಅಂದು ಹೋದಳು.

ಎರಡು ದಿನ ಮಲಗಿ ಯೋಚಿಸಿದೆ. ನನ್ನ ಹಿಮ್ಮಡಿ ಹಾಳಾದದ್ದು ನಿಂತದ್ದರಿಂದಲೋ, ಓಡಿದ್ದರಿಂದಲೋ? ನಿಜ ಹೇಳಬೇಕೆಂದರೆ ಎರಡೂ ಸೇರಿ. ನಿಂತು ನಿಂತು ಸತ್ತ ಕಾಲನ್ನು ಬೆಳಿಗ್ಗೆ ಎಬ್ಬಿಸಿ ಓಡಿಸಿದೆ, ಓಡಿ ದಣಿದ ಕಾಲನ್ನು ತಂದು ಸಿಮೆಂಟಿನ ಮೇಲೆ ನಿಲ್ಲಿಸಿದೆ. ಆದರೆ ನಾನು ಯಾಕೆ ಆರಿಸಿಕೊಳ್ಳಬೇಕು ಅಕ್ಕ? ಓಟ ನನ್ನದು. ದಿನದ ಇಪ್ಪತ್ತನಾಲ್ಕು ಗಂಟೆಯಲ್ಲಿ ಅದೊಂದೇ ಗಂಟೆ ನನ್ನದು. ಒಂದು ಗಂಟೆ ಓಡಿದವಳು ಹತ್ತು ಗಂಟೆ ನಿಲ್ಲಬೇಕು ಅಂತ ಯಾವ ಕಾನೂನಿನಲ್ಲಿದೆ? ಮ್ಯಾನೇಜರ್ ಸಂಜೆ ಬ್ಯಾಡ್ಮಿಂಟನ್ ಆಡುತ್ತಾನೆ. ಅವನ ಕುರ್ಚಿಯನ್ನು ಯಾರಾದರೂ ಕಿತ್ತುಕೊಂಡಿದ್ದಾರಾ? ಓಡುವವಳಿಗೆ ಸ್ಟೂಲ್ ಬೇಕು. ಓಡದವಳಿಗೂ ಬೇಕು. ಸೋಮವಾರ ಇದನ್ನೇ ಹೇಳುತ್ತೇನೆ, ಸೋತರೆ ಸೋತೆ.

ನಿನ್ನನ್ನು ಬಾ ಅಂತ ಇನ್ನು ಕೇಳುವುದಿಲ್ಲ. ನಿನ್ನ ಕಾಲಿನ ಮೇಲೆ ನಾನು ಈಗಾಗಲೇ ಸಾಕಷ್ಟು ನಿಂತಿದ್ದೇನೆ. ಬಾರದಿದ್ದರೂ ನಾನು ನಿನಗೆ ಪತ್ರ ಬರೆಯುತ್ತೇನೆ. ವಿಳಾಸ, ಜಾಗ ಎಲ್ಲಾ ಈ ಹಾಳೆಯ ಹಿಂಬದಿಯಲ್ಲಿದೆ, ಕಾರ್ಮಿಕ ಕಚೇರಿಯ ಮೊದಲ ಮಹಡಿ, ಬೆಳಿಗ್ಗೆ ಹತ್ತೂವರೆ. ಸುಮ್ಮನೆ ತಿಳಿದಿರಲಿ ಅಂತ ಬರೆದೆ.

ಇಂತಿ,
ನಿನ್ನ ತಂಗಿ


ಮಂಗಳವಾರ, ಜೂನ್ 13

ಅಕ್ಕ,

ನೀನು ಎರಡು ಗಂಟೆಯ ಬಸ್ಸಿಗೆ ಹೋದ ಮೇಲೆ ಏನಾಯಿತು ಅಂತ ನಿನಗೆ ಗೊತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನೆ ಇಬ್ಬರೂ ಒಬ್ಬರ ಹಿಮ್ಮಡಿ ಒಬ್ಬರು ನೋಡಿಕೊಂಡು ಮೂರು ಗಂಟೆ ಕಳೆದೆವು.

ನೀನು ಮೆಟ್ಟಿಲು ಹತ್ತಿ ಬರುವುದನ್ನು ಮೊದಲು ನೋಡಿದ್ದು ಕಾರ್ಯದರ್ಶಿ. ಗೋಡೆಯ ಕಡೆ ತಿರುಗಿಕೊಂಡಳು. ಕಂಪನಿಯ ವಕೀಲ ನಿನ್ನನ್ನು ಕಂಡು ಅವರ ಸಾಕ್ಷಿ ಬಂದಳು ಅಂತಲೇ ತಿಳಿದ. "ಬಾರಮ್ಮ, ಈ ಕಡೆ ಬಾ" ಅಂದನಲ್ಲ, ಮಾವನ ಮನೆಗೆ ಸೊಸೆಯನ್ನು ಕರೆದ ಹಾಗೆ. ನೀನು ನಮ್ಮ ಕಡೆ ಬಂದು ನಿಂತೆ. ಹಜಾರದಲ್ಲಿದ್ದದ್ದು ಒಂದೇ ಬೆಂಚು, ಅದರ ತುಂಬಾ ಅವರ ಫೈಲುಗಳು. ನೀನು ಅವನ್ನು ಎತ್ತಿ ನೆಲದ ಮೇಲೆ ಇಟ್ಟೆ. ಅವನು, "ಏನಮ್ಮ ಇದು, ಕಂಪನಿ ಕಾಗದಗಳು" ಅಂದ. "ಅವಕ್ಕೆ ಹಿಮ್ಮಡಿ ಇಲ್ಲ ಸಾರ್" ಅಂದು ಕೂತೆ. ನನ್ನ ಕೈ ಹಿಡಿದು ಎಳೆದು ಕೂರಿಸಿದೆ. ಆಮೇಲೆ ಲೈನಿನ ಇನ್ನಿಬ್ಬರನ್ನು. ಕೊನೆಗೆ ಉಳಿದ ಒಂದು ಗೇಣು ಜಾಗ ತೋರಿಸಿ ಕಾರ್ಯದರ್ಶಿಗೆ, "ನೀನೂ ಬಾರೇ, ನನ್ನ ಪಕ್ಕ ಕೂತರೆ ಅಂಟು ಹತ್ತಲ್ಲ" ಅಂದೆ. ಅವಳು ಬರಲಿಲ್ಲ. ಆದರೆ ತಿರುಗಿ ನಿಂತಳು.

ಅಧಿಕಾರಿ ಬರಲೇ ಇಲ್ಲ. ನೀನು ಹೋಗಿ ಹತ್ತು ನಿಮಿಷಕ್ಕೆ ಗುಮಾಸ್ತ ಬಂದ. ಸಾಹೇಬರಿಗೆ ಬೇರೆ ಸಭೆ ಇದೆ, ಮುಂದಿನ ದಿನಾಂಕ ಕೊಡುತ್ತೇವೆ. ಅಷ್ಟೇ. ಅರ್ಧ ದಿನ ಕಾದದ್ದು ಅಷ್ಟಕ್ಕೆ. ವಕೀಲಮ್ಮ ಮಾತ್ರ ಬಿಡಲಿಲ್ಲ. ಹೋಗುವ ಮೊದಲು ನೀನು ಬರೆದುಕೊಟ್ಟಿದ್ದ ಹೇಳಿಕೆಯನ್ನು ಗುಮಾಸ್ತನ ಮೇಜಿನ ಮೇಲಿಟ್ಟು, ಮುದ್ರೆ ಒತ್ತಿಸಿಕೊಂಡೇ ಹೊರಟರು. ಅದನ್ನು ಕಾರ್ಯದರ್ಶಿ ಹಜಾರದಲ್ಲಿ ನಮಗೆಲ್ಲ ಗಟ್ಟಿಯಾಗಿ ಓದಿದಳು. ಅವಳ ಗಂಟಲು ಗೊತ್ತಲ್ಲ, ಕೆಳಗಿನ ಮಹಡಿಯವರೂ ಕೇಳಿಸಿಕೊಂಡರು. "ಒಂಬತ್ತು ವರ್ಷ ನಿಂತೆ. ಕೂರಿಸುತ್ತೇವೆ ಎಂದು ಆಸೆ ತೋರಿಸಿ ಸುಳ್ಳಿಗೆ ಸಹಿ ಹಾಕಿಸಿಕೊಂಡರು." ಅಲ್ಲಿಗೆ ಬಂದು ಮತ್ತೆ ಮೊದಲಿನಿಂದ ಓದಿದಳು.

ನೀನು ರಜೆ ಹಾಕಿ ಬಂದೆಯೋ, ಹೇಳದೆ ಬಂದೆಯೋ? ಅಲ್ಲಿ ಏನು ಮಾಡಿದರು? ಅಮ್ಮ ಕೇಳುತ್ತಿದ್ದಾಳೆ. ಭಾನುವಾರ ನೀನು ಅಮ್ಮನಿಗೆ ಫೋನಿನಲ್ಲಿ ಏನು ಹೇಳಿದೆಯೋ, ಅವಳು ನನಗೆ ಹೇಳುತ್ತಿಲ್ಲ.

ನಾನು ಇವತ್ತಿನಿಂದ ಲೈನಿನಲ್ಲಿದ್ದೇನೆ. ಎದ್ದಾಗ ಆರು, ಸಂಜೆ ಎಂಟು. ಓಟ ಇಲ್ಲ. ಪುಸ್ತಕ ಬರೆಯುವುದು ನಿಲ್ಲಿಸಿಲ್ಲ, ಈಗ ನಮ್ಮ ಲೈನಿನ ಹದಿನಾಲ್ಕು ಹೆಂಗಸರೂ ಬರೆಯುತ್ತಿದ್ದಾರೆ. ಅವರಲ್ಲಿ ಓಡುವವಳು ನಾನೊಬ್ಬಳೇ.

ಇಂತಿ,
ನಿನ್ನ ತಂಗಿ


ಶುಕ್ರವಾರ, ಜೂನ್ 16

ತಂಗಿ,

ಹೇಳದೆ ಬಂದೆ. ಹೇಳಿದ್ದರೆ ಬಿಡುತ್ತಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಕೆಲಸಕ್ಕೆ ಬಂದಾಗ ಕುರ್ಚಿ ಇತ್ತು, ನನಗಿರಲಿಲ್ಲ. ಅದರ ಮೇಲೆ ಬೇರೆಯವಳು ಕೂತಿದ್ದಳು. ತಲೆ ಎತ್ತಲಿಲ್ಲ, ಪಾಪ. ಮೇಲ್ವಿಚಾರಕ ನನ್ನನ್ನು ಅಂಚು ಕತ್ತರಿಸುವ ಮೇಜಿಗೆ ಕರೆದುಕೊಂಡು ಹೋದ. "ಮೆಟ್ಟಿಲಿಂದ ಬಿದ್ದ ನೋವು ಮೂರು ವರ್ಷಕ್ಕೆ ವಾಸಿಯಾಗಿರಬೇಕಲ್ಲಮ್ಮ" ಅಂದ. ಕತ್ತರಿ ಕೈಗೆ ಕೊಟ್ಟ.

ಇವತ್ತಿಗೆ ನಾಲ್ಕು ದಿನ ನಿಂತೆ. ಮೊದಲ ದಿನ ಮಧ್ಯಾಹ್ನದವರೆಗೆ ಏನೂ ಇರಲಿಲ್ಲ, ಮರೆತುಹೋಗಿದೆಯೇನೋ ಅಂದುಕೊಂಡೆ. ಮೂರು ಗಂಟೆಗೆ ಬಂತು. ನಿನ್ನೆ ಬೆಳಿಗ್ಗೆ ಹಾಸಿಗೆಯಲ್ಲಿ ಕೂತು ಬಹಳ ಹೊತ್ತು ನೆಲ ನೋಡಿದೆ. ಕಾಲು ಇಳಿಸಲು ಧೈರ್ಯವಾಗಲಿಲ್ಲ. ಅಳಲಿಲ್ಲ ಅಂತ ಬರೆದರೆ ಅದು ಎರಡನೇ ಸುಳ್ಳಾಗುತ್ತದೆ. ನಿನ್ನ ಮೇಲೆ ಕೋಪ ಬಂತು, ನನ್ನ ಮೇಲೂ ಬಂತು. ಯಾಕೆ ಹೋದೆ, ಅವನು ಬರದ ವಿಚಾರಣೆಗೆ ಯಾಕೆ ಹೋದೆ ಅಂತ ಹಲ್ಲುಜ್ಜುವವರೆಗೂ ಬೈದುಕೊಂಡೆ. ಆಮೇಲೆ ಕೆಲಸಕ್ಕೆ ಹೋದೆ. ನಿಂತೆ.

ನನ್ನ ಪಕ್ಕದ ಮೇಜು ಆ ಬಸುರಿಯದು. ನಾನು ಕುರ್ಚಿಯಲ್ಲಿದ್ದಾಗ ಅವಳು ನನ್ನೊಡನೆ ಮಾತೇ ಆಡಿದವಳಲ್ಲ. ನಿನ್ನೆ ಬಣ್ಣದ ಬ್ರಶ್ಶು ತೊಳೆಯುತ್ತಾ, "ಅಕ್ಕಾ, ಬಲಗಾಲು ಎಡಗಾಲಿನ ಮೇಲೆ ಇಟ್ಕೊಳ್ಳಿ, ಸ್ವಲ್ಪ ಹಗುರ ಆಗತ್ತೆ" ಅಂದಳು. ನನಗೇ ಹೇಳಿಕೊಡುತ್ತಿದ್ದಾಳೆ. "ಯಾರಾದ್ರೂ ನೋಡಿದ್ರೆ?" ಅಂದೆ. "ನೋಡೋರು ನೀವೇ ಇದ್ರಿ, ಈಗ ಇಲ್ವಲ್ಲ" ಅಂದಳು. ಇಬ್ಬರೂ ನಗಲಿಲ್ಲ.

ಅವಳು ಎಂಟು ಹೆಂಗಸರ ಹೆಸರು ಕೊಟ್ಟಿದ್ದಾಳೆ. ಎಲ್ಲರಿಗೂ ಹಿಮ್ಮಡಿ, ಯಾರೂ ಓಡುವವರಲ್ಲ. ಪುಸ್ತಕ ಹೇಗೆ ಬರೆಯಬೇಕು ಅಂತ ನಿನ್ನ ಕಾರ್ಯದರ್ಶಿಯನ್ನು ಕೇಳಿ ತಿಳಿಸು. ಸೇರಿ ಮಾತಾಡಲು ಇಲ್ಲಿ ಜಾಗವಿಲ್ಲ, ನನ್ನ ರೂಮಿಗೆ ಬರಹೇಳಿದ್ದೇನೆ. ಚಾಪೆ ಎರಡಿವೆ, ಎಂಟು ಜನ ಕೂರಬಹುದು.

ವಕೀಲಮ್ಮನಿಗೆ ಹೇಳು, ಈ ಸಲ ಅಧಿಕಾರಿ ಬರಲಿ ಬಿಡಲಿ, ನಾನು ಬರುತ್ತೇನೆ. ಇದಕ್ಕೂ ಹೇಳದೆಯೇ ಬರುತ್ತೇನೆ, ಇನ್ನು ಕಿತ್ತುಕೊಳ್ಳಲು ಅವರ ಹತ್ತಿರ ಕೆಲಸವೊಂದೇ ಉಳಿದಿದೆ. ಬೆಳಗಿನ ಮೊದಲ ಬಸ್ಸು ಹಿಡಿಯುತ್ತೇನೆ. ನೀನು ನಿಲ್ದಾಣಕ್ಕೆ ಬರಬೇಡ, ಕಾಲಿಗೆ ಬಿಡುವು ಕೊಡು. ದಿನಾಂಕ ಬಂದಿದೆ ಅಂತ ಮಾವ ಚೀಟಿ ತಂದುಕೊಟ್ಟ, ಗೋಡೆಗೆ ಅಂಟಿಸಿದ್ದೇನೆ: ಗುರುವಾರ, ಜೂನ್ 22, ಬೆಳಿಗ್ಗೆ ಹನ್ನೊಂದು ಗಂಟೆ.

ನಿನ್ನ ಅಕ್ಕ